ಮಾರಿದ ಊಟ, ನೆನೆದ ಊಟ: ಮುಂಬಯಿಯ ಕರಾವಳಿ ಕನ್ನಡಿಗರ ಆಹಾರಸ್ಮೃತಿಯನ್ನು ಕುರಿತು

ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಸಂಘಸಂಸ್ಥೆಗಳಿಂದ ಆರಂಭಿಸುತ್ತಾರೆ. ಮುಂಬಯಿಯ ಮಟ್ಟಿಗೆ ಹೇಳುವುದಾದರೆ 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಕರಾವಳಿಯ ಬೇರೆ ಬೇರೆ ಸಮಾಜಗಳು ಕಟ್ಟಿಕೊಂಡ ಸಂಘಗಳು, ದುಡಿಯುವ ಹುಡುಗರಿಗಾಗಿ ನಡೆದ ರಾತ್ರಿಶಾಲೆಗಳು, ಪತ್ರಿಕೆಗಳು, ಯಕ್ಷಗಾನ ಮಂಡಳಿಗಳು ಈ ಚರಿತ್ರೆಯ ಮುಖ್ಯ ಅಧ್ಯಾಯಗಳಾಗುತ್ತವೆ. ಇವುಗಳಿಗೆ ನಡಾವಳಿ ಪುಸ್ತಕಗಳಿವೆ, ಸ್ಮರಣ ಸಂಚಿಕೆಗಳಿವೆ. ಊಟದ ವಿಷಯ ಬಂದಾಗ ಮಾತ್ರ ನಮ್ಮ ಬರವಣಿಗೆ ಒಂದೇ ಪದದಲ್ಲಿ ಮುಗಿದುಬಿಡುತ್ತದೆ. ಆ ಪದ 'ಉಡುಪಿ ಹೋಟೆಲು'.

ಉಡುಪಿ ಹೋಟೆಲಿನ ಚರಿತ್ರೆ ಮಹತ್ವದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಕರಾವಳಿಯವರು ಇತರರಿಗೆ ಬಡಿಸಿದ ಊಟದ ಚರಿತ್ರೆ. ಹಾಗೆ ಬಡಿಸುತ್ತಿದ್ದವರು ತಮ್ಮ ಊರಿನ ಯಾವ ಊಟವನ್ನು ನೆನೆಯುತ್ತಿದ್ದರು ಎಂಬುದು ಬೇರೆಯೇ ಪ್ರಶ್ನೆ. ಮಾರಿದ ಊಟ ಮತ್ತು ನೆನೆದ ಊಟ ಇವೆರಡೂ ಒಂದೇ ಅಲ್ಲ ಎಂಬುದನ್ನು ತೋರಿಸುವುದು, ಎರಡನೆಯದು ಏಕೆ ದಾಖಲೆಗೆ ಸಿಕ್ಕದೆ ಉಳಿಯಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ 'ಕರಾವಳಿ ಕನ್ನಡಿಗರು' ಎಂಬ ಮಾತನ್ನು ವಿಶಾಲವಾದ ಅರ್ಥದಲ್ಲಿ ಬಳಸಲಾಗಿದೆ. ಇವರಲ್ಲಿ ಬಹಳ ಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಶಾಲೆಯ, ಪತ್ರಿಕೆಯ, ಸಭೆಯ ಭಾಷೆ ಕನ್ನಡ.

1

ಅಡುಗೆಯನ್ನು ಕುರಿತು ಬರೆಯುವ ಪರಂಪರೆ ಕನ್ನಡಕ್ಕೆ ಹೊಸದೇನಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕವಿಷಯಕ್ಕೆ ಪ್ರತ್ಯೇಕ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ಕೃತಿ 'ಮಾನಸೋಲ್ಲಾಸ'ವು ಅರಸನ ಅನ್ನಭೋಗವನ್ನು ವಿಸ್ತಾರವಾಗಿ ವರ್ಣಿಸುತ್ತದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಹೆಸರಿನಲ್ಲಿಯೇ ಷಟ್ಪದಿ ಕೃತಿಯೊಂದನ್ನು ರಚಿಸಿದ್ದಾನೆ.

ಈ ಕೃತಿಗಳಿಗೆ ಸಮಾನವಾದ ಒಂದು ಲಕ್ಷಣವಿದೆ. ಇವು ಸಿದ್ಧಪಡಿಸುವ, ಬಡಿಸುವ, ಮೆಚ್ಚಿಸುವ ಅಡುಗೆಯನ್ನು ಕುರಿತವು. ಅರಮನೆಯ ಅಥವಾ ಅನುಕೂಲಸ್ಥರ ಅಡುಗೆಮನೆ ಇವುಗಳ ಆಧಾರ. ಗದ್ದೆಗೆ ಹೋಗುವ ಆಳು ಬೆಳಗ್ಗೆ ಕುಡಿದ ಗಂಜಿಗೆ, ಮಳೆಗಾಲದಲ್ಲಿ ಕಾಡಿನಿಂದ ಕೊಯ್ದು ತಂದ ಎಲೆಗೆ ಸೂಪಶಾಸ್ತ್ರದ ಮರ್ಯಾದೆ ದೊರೆಯುವುದು ಕಷ್ಟ. 20ನೆಯ ಶತಮಾನದ ಹೋಟೆಲಿನ ತಿಂಡಿಪಟ್ಟಿಯನ್ನು ಈ ಪರಂಪರೆಯ ಮುಂದುವರಿಕೆಯೆಂದು ನೋಡಬಹುದು. ಅಲ್ಲಿಯೂ ದಾಖಲಾಗುವುದು ಮಾರಾಟಕ್ಕೆ ಯೋಗ್ಯವಾದದ್ದು ಮಾತ್ರ.

2

ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು. 1862ರಲ್ಲಿ ಕನ್ನಡ ಜಿಲ್ಲೆಯ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋದ ಮೇಲೆ ಕರಾವಳಿಯ ಆಡಳಿತ ಎರಡಾಗಿ ಒಡೆಯಿತು. ಇದರಿಂದ ದಕ್ಷಿಣ ಕನ್ನಡದವರ ಮುಂದೆ ಎರಡು ದಾರಿಗಳಿದ್ದವು. ಉನ್ನತ ವಿದ್ಯೆ, ಸರಕಾರಿ ಕೆಲಸಗಳ ದಾರಿ ಮದರಾಸಿನತ್ತ. ದುಡಿಮೆಯ ದಾರಿ ಬಹುಮಟ್ಟಿಗೆ ಕಡಲಿನ ಮೂಲಕ ಮುಂಬಯಿಯತ್ತ. 1907ರಲ್ಲಿ ಮಂಗಳೂರಿಗೆ ರೈಲು ಬಂದಿತಾದರೂ ಅದು ಮದರಾಸಿನ ಕಡೆಯ ರೈಲು. ಮುಂಬಯಿಗೆ ಹೋಗಬೇಕಾದವನು ರೈಲಿನಲ್ಲಿ ದಕ್ಷಿಣ ಭಾರತವನ್ನೇ ಸುತ್ತಬೇಕಾಗಿತ್ತು. ಆದ್ದರಿಂದ ಕರಾವಳಿಯ ಬಂದರುಗಳನ್ನು ಮುಟ್ಟಿ ಸಾಗುತ್ತಿದ್ದ ಹಡಗುಗಳೇ ಬಹುಕಾಲ ಬಡವರ ವಾಹನಗಳಾದವು.

ಹೋಟೆಲು ಉದ್ಯಮವನ್ನು ಮೊದಲು ಕೈಗೊಂಡವರಲ್ಲಿ ಉಡುಪಿಯ ಸುತ್ತಲಿನ ಮತ್ತು ಕೋಟ ಪರಿಸರದ ಬ್ರಾಹ್ಮಣ ಕುಟುಂಬಗಳವರು ಪ್ರಮುಖರು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಕರಾವಳಿಯ ಮನೆತನದ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ತೆರೆಯುವ ಪ್ರಸಂಗ ಬರುವುದನ್ನು ಇಲ್ಲಿ ನೆನೆಯಬಹುದು. ಮದರಾಸಿನ ರಾಯಪೇಟೆಯಲ್ಲಿ ಕೆ. ಕೃಷ್ಣರಾಯರು 1938ರಲ್ಲಿ 'ವುಡ್‌ಲ್ಯಾಂಡ್ಸ್' ಆರಂಭಿಸಿದರು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರ 'ಉಡುಪಿ ಶ್ರೀಕೃಷ್ಣ ಬೋರ್ಡಿಂಗ್' ಆರಂಭವಾಯಿತು. ಮುಂದೆ ಬಂಟರೂ ಇತರ ಸಮಾಜದವರೂ ಈ ಉದ್ಯಮದಲ್ಲಿ ದೊಡ್ಡ ಪ್ರಮಾಣದಲ್ಲಿ ತೊಡಗಿದರು.

ಈ ಹೋಟೆಲುಗಳ ಪಾಕಪದ್ಧತಿಯ ಮೂಲದಲ್ಲಿ ಉಡುಪಿಯ ಮಠದ ಅಡುಗೆಯಿದೆ. ಮಠದ ಅಡುಗೆಯೆಂದರೆ ನೈವೇದ್ಯದ ಅಡುಗೆ. ಅದರಲ್ಲಿ ನೀರುಳ್ಳಿ ಬೆಳ್ಳುಳ್ಳಿಗಳಿಗೆ ಸ್ಥಾನವಿಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳುಗಳಲ್ಲಿ ಕ್ರಮವಾಗಿ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯಗಳನ್ನು ಬಿಟ್ಟು ಅಡುಗೆ ಮಾಡುವ ಶಿಸ್ತು ಅದಕ್ಕಿದೆ. ನೂರಾರು ಜನರಿಗೆ ಏಕಕಾಲಕ್ಕೆ ಬಡಿಸುವ ಅನುಭವವೂ ಅದಕ್ಕಿದೆ. ಹೋಟೆಲು ಈ ಶಿಸ್ತಿನಲ್ಲಿ ಎಲ್ಲವನ್ನೂ ಉಳಿಸಿಕೊಳ್ಳಲಿಲ್ಲ. ಗಿರಾಕಿಯ ನಾಲಗೆಗೆ ತಕ್ಕಂತೆ ನೀರುಳ್ಳಿಯೂ ಒಳಗೆ ಬಂದಿತು. ಆದರೆ ಸಸ್ಯಾಹಾರ, ಶುಚಿ, ವೇಗ, ಅಗ್ಗದ ಬೆಲೆ ಎಂಬ ನಾಲ್ಕು ಗುಣಗಳಿಂದ ಯಾವ ಪ್ರಾಂತದವನೂ ಬಂದು ಉಣ್ಣಬಹುದಾದ ಸಾರ್ವಜನಿಕ ಊಟವೊಂದನ್ನು ಅದು ರೂಪಿಸಿತು. ಇಡ್ಲಿ, ದೋಸೆ, ವಡೆ, ಸಾಂಬಾರುಗಳು ಹೀಗೆ ಊರಿನ ಗಡಿಯನ್ನು ದಾಟಿದವು.

ದಾಟಲಾರದೆ ಉಳಿದವು ಯಾವುವು ಎಂದು ಕೇಳಿದಾಗ ನಮಗೆ ಮೊದಲು ಎದುರಾಗುವುದು ಕುಚ್ಚಲಕ್ಕಿಯ ಗಂಜಿ.

3

ಭತ್ತವನ್ನು ಸಿಪ್ಪೆಸಹಿತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವುದು ಕುಚ್ಚಲಕ್ಕಿಯ ಕ್ರಮ. ಹಾಗೆ ಬೇಯಿಸದೆ ಮಾಡಿದ ಬಿಳಿಯ ಅಕ್ಕಿಗೆ ಕರಾವಳಿಯಲ್ಲಿ ಬೆಳ್ತಿಗೆ ಎಂದು ಹೆಸರು. ದೇವರ ನೈವೇದ್ಯಕ್ಕೆ, ಶುಭಕಾರ್ಯದ ಊಟಕ್ಕೆ ಬೆಳ್ತಿಗೆ. ನಿತ್ಯದ ಗಂಜಿಗೆ ಕುಚ್ಚಲಕ್ಕಿ ಎಂಬ ವಿಭಾಗ ಬಹುಕಾಲದಿಂದ ಇದೆ. ಒಮ್ಮೆ ಬೆಂದ ಧಾನ್ಯವನ್ನು ದೇವರಿಗೆ ಅರ್ಪಿಸಬಾರದೆಂಬ ಭಾವನೆ ಈ ವಿಭಾಗದ ಹಿಂದೆ ಇದೆ. ಕುಚ್ಚಲಕ್ಕಿ ದಪ್ಪ, ಬೇಯಲು ಹೆಚ್ಚು ಹೊತ್ತು ಬೇಕು, ಹಸಿವನ್ನು ಬಹಳ ಹೊತ್ತು ತಡೆಯುತ್ತದೆ. ಮೈಮುರಿದು ದುಡಿಯುವವರ ಆಹಾರ ಅದು. ತೆಳಿಯೊಡನೆ ಬಡಿಸಿದ ಗಂಜಿ, ಅದರ ಜೊತೆಗೆ ಉಪ್ಪಿನಕಾಯಿ ಅಥವಾ ಚಟ್ನಿ, ಮೀನು ತಿನ್ನುವವರಲ್ಲಿ ಸುಟ್ಟ ಒಣಮೀನು: ಇದು ಕರಾವಳಿಯ ಬಹುಪಾಲು ಜನರ ದಿನದ ಊಟವಾಗಿತ್ತು.

ಮಠದ ಅಡುಗೆಯನ್ನು ಆದರ್ಶವಾಗಿಟ್ಟುಕೊಂಡ ಹೋಟೆಲು ಬಿಳಿಯ ಅನ್ನವನ್ನು ಆರಿಸಿಕೊಂಡದ್ದು ಸಹಜ. ಇದರಿಂದ ಒಂದು ವಿಲಕ್ಷಣ ಸ್ಥಿತಿ ಉಂಟಾಯಿತು. ಹೋಟೆಲಿನಲ್ಲಿ ಲೋಟ ತೊಳೆಯುವ, ಮೇಜು ಒರೆಸುವ, ಹಿಟ್ಟು ರುಬ್ಬುವ ಹುಡುಗನಿಗೆ ಊಟದ ಕೊರತೆ ಇರಲಿಲ್ಲ. ಎಷ್ಟೋ ಮಂದಿ ಬಾಲಕರು ಊರಿನ ಹಸಿವಿನಿಂದ ತಪ್ಪಿಸಿಕೊಳ್ಳಲೆಂದೇ ಹೊರಟವರು; ಹೊಟ್ಟೆತುಂಬ ಊಟ ಸಿಗುತ್ತದೆ ಎಂಬುದೇ ಹೋಟೆಲಿನ ಕೆಲಸದ ದೊಡ್ಡ ಆಕರ್ಷಣೆ. ಆದರೂ ಊರಿನಲ್ಲಿ ಹಬ್ಬಕ್ಕೆ ಮಾತ್ರ ಕಂಡ ತಿಂಡಿಗಳ ನಡುವೆ ದಿನವಿಡೀ ನಿಂತವನು ರಾತ್ರಿ ನೆನೆದದ್ದು ಗಂಜಿಯನ್ನು. ಆ ಪೀಳಿಗೆಯ ಹಿರಿಯರ ಮಾತಿನಲ್ಲಿ ಈ ಸಂಗತಿ ಮತ್ತೆ ಮತ್ತೆ ಬರುತ್ತದೆ; ಅದನ್ನು ಅವರು ಸ್ವಲ್ಪ ನಗುತ್ತಲೇ ಹೇಳುತ್ತಾರೆ. ಬಡತನದ ಊಟವನ್ನು ಬಯಸಿದೆನೆಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವಿದೆ. ನೆನೆದ ಊಟ ದಾಖಲೆಗೆ ಬಾರದಿರುವುದಕ್ಕೆ ಈ ಸಂಕೋಚವೂ ಒಂದು ಕಾರಣವೆಂದು ತೋರುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕೊರತೆ ಇನ್ನಷ್ಟು ತೀವ್ರವಾಯಿತು. 1942ರಲ್ಲಿ ಬರ್ಮಾ ಜಪಾನಿನ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಮುಂಬಯಿ ನಗರದಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದಿತು. ಯಾವ ಅಕ್ಕಿ ಉಣ್ಣಬೇಕೆಂಬುದನ್ನು ಉಣ್ಣುವವನು ನಿರ್ಧರಿಸುವ ಕಾಲ ಅಲ್ಲಿಗೆ ಮುಗಿಯಿತು. ಚೀಟಿಗೆ ಸಿಕ್ಕಿದ ಧಾನ್ಯವನ್ನೇ ಬೇಯಿಸಬೇಕಾಯಿತು. ಸ್ವಾತಂತ್ರ್ಯಾನಂತರವೂ ಅಕ್ಕಿಯ ಅಭಾವ ತಪ್ಪಲಿಲ್ಲ. 1956ರ ಒಪ್ಪಂದದ ತರುವಾಯ ಅಮೆರಿಕದ ಗೋಧಿ ಬರತೊಡಗಿದ ಮೇಲೆ ಅನ್ನ ಉಣ್ಣುವ ಮನೆಗಳೂ ಚಪಾತಿಯನ್ನು ಕಲಿತವು. ಮುಂಬಯಿಯ ಕನ್ನಡ ಮನೆಗಳಲ್ಲಿ ರಾತ್ರಿ ಚಪಾತಿ ಮಾಡುವ ರೂಢಿಗೆ ಆರೋಗ್ಯದ ಕಾರಣವನ್ನು ಈಗ ಹೇಳುವುದುಂಟು. ಅದರ ಹಿಂದೆ ಪಡಿತರ ಚೀಟಿಯ ಚರಿತ್ರೆಯೂ ಇದೆ.

4

ಊರಿನ ಆಹಾರಗಳನ್ನು ಅವುಗಳ ಪ್ರಯಾಣಶಕ್ತಿಯ ದೃಷ್ಟಿಯಿಂದ ಮೂರು ವರ್ಗಗಳಾಗಿ ವಿಂಗಡಿಸಿ ನೋಡಬಹುದು.

ಮೊದಲನೆಯದು, ಒಣಗಿಸಿ ಅಥವಾ ಉಪ್ಪಿನಲ್ಲಿಟ್ಟು ಕಳುಹಿಸಬಹುದಾದವು: ಹಲಸಿನ ಹಪ್ಪಳ, ಸಂಡಿಗೆ, ಮಾವಿನ ಮಿಡಿಯ ಉಪ್ಪಿನಕಾಯಿ, ಒಣಗಿಸಿದ ಪುನರ್ಪುಳಿಯ ಸಿಪ್ಪೆ, ಒಣಮೀನು, ಕೋರಿರೊಟ್ಟಿಯ ಗರಿಗರಿ ರೊಟ್ಟಿ. ತಿಂಗಳುಗಟ್ಟಲೆ ಕೆಡದ ಮಂಗಳೂರು ಸೌತೆಯನ್ನೂ ಇಲ್ಲಿಗೆ ಸೇರಿಸಬಹುದು. ಇವು ಮೂಲತಃ ಮಳೆಗಾಲಕ್ಕೆಂದು ಬೇಸಿಗೆಯಲ್ಲಿ ಮಾಡಿಟ್ಟುಕೊಳ್ಳುತ್ತಿದ್ದ ದಾಸ್ತಾನು. ಮಳೆಯನ್ನು ಎದುರಿಸಲು ಕಂಡುಕೊಂಡ ಉಪಾಯ ದೂರವನ್ನು ಎದುರಿಸುವುದಕ್ಕೂ ಒದಗಿ ಬಂದಿತು. ಊರಿಗೆ ಹೋಗಿಬರುವವರ ಟ್ರಂಕಿನಲ್ಲಿ, ಮುಂದೆ ರಸ್ತೆ ಸಾರಿಗೆ ಬೆಳೆದಾಗ ಬಸ್ಸಿನ ಪಾರ್ಸೆಲಿನಲ್ಲಿ, ಬಂದವು ಇವೇ.

ಎರಡನೆಯದು, ನಗರದಲ್ಲಿ ದೊರೆಯುವ ವಸ್ತುಗಳಿಂದ ಹತ್ತಿರಹತ್ತಿರವಾಗಿ ಮಾಡಿಕೊಳ್ಳಬಹುದಾದವು. ಪತ್ರೊಡೆ ಇದಕ್ಕೆ ಒಳ್ಳೆಯ ಉದಾಹರಣೆ. ಮಹಾರಾಷ್ಟ್ರದವರ ಅಳುವಡಿ, ಗುಜರಾತಿನವರ ಪಾತ್ರಾ ಇವೆರಡೂ ಕೆಸುವಿನ ಎಲೆಯವೇ ಆದುದರಿಂದ ಮುಂಬಯಿಯ ಮಾರುಕಟ್ಟೆಯಲ್ಲಿ ಎಲೆಗೆ ಬರವಿಲ್ಲ. ಅವರು ಕಡಲೆಹಿಟ್ಟು ಹಚ್ಚಿದಲ್ಲಿ ನಮ್ಮವರು ಹುಣಸೆ, ಮೆಣಸು, ಬೆಲ್ಲ ಸೇರಿಸಿ ರುಬ್ಬಿದ ಅಕ್ಕಿಯನ್ನು ಹಚ್ಚುತ್ತಾರೆ. ಆದರೆ ಮಳೆಗಾಲದಲ್ಲಿ ಮರದ ಮೇಲೆ ತಾನಾಗಿ ಹುಟ್ಟುವ ಮರಕೆಸು ಮಾರುಕಟ್ಟೆಯ ಕೆಸುವಲ್ಲ. ಬಲ್ಲವರು ಒಂದು ತುತ್ತಿನಲ್ಲಿಯೇ ವ್ಯತ್ಯಾಸವನ್ನು ಗುರುತಿಸುತ್ತಾರೆ.

ಮೂರನೆಯ ವರ್ಗದವು ಬರಲೇ ಇಲ್ಲ. ಮೊದಲ ಮಳೆಗೆ ಏಳುವ ಅಣಬೆ, ಎಳೆಯ ಕಳಲೆ, ಹೊಳೆಯ ಮೀನು, ಕೇದಗೆಯ ಜಾತಿಯ ಮುಳ್ಳೆಲೆಯನ್ನು ಬಾಡಿಸಿ ಸುತ್ತಿದ ಕೊಟ್ಟೆಯಲ್ಲಿ ಬೆಂದ ಮೂಡೆ, ಕಟ್ಟಿಗೆಯ ಒಲೆಯ ಮೇಲೆ ಮಣ್ಣಿನ ಪಾತ್ರೆಯಲ್ಲಿ ಮರುದಿನಕ್ಕೆ ಉಳಿದ ಮೀನಿನ ಸಾರು. ಇವುಗಳಲ್ಲಿ ಹಲವು ಮಳೆಗಾಲದವು ಎಂಬುದು ಗಮನಾರ್ಹ. ಮುಂಗಾರಿನಲ್ಲಿ ಕಡಲು ಒರಟಾದಾಗ ಪ್ರಯಾಣಿಕರ ಹಡಗುಗಳ ಸಂಚಾರ ನಿಲ್ಲುತ್ತಿತ್ತು. ಹಳೆಯ ಮಂಗಳೂರು ಬಂದರು ಒಳ್ಳೆಯ ಹವೆಯ ಕಾಲದ ಬಂದರು. ಆದ್ದರಿಂದ ಹಡಗನ್ನೇ ನಂಬಿದ್ದ ಕಾಲದ ವಲಸಿಗನಿಗೆ ಊರಿನ ಮಳೆಗಾಲದ ಊಟ ಸಿಕ್ಕುವುದು ಬಹಳ ಅಪರೂಪವಾಗಿತ್ತು. ತುಳುವರ ಆಟಿ ತಿಂಗಳು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ, ಊರಿನಲ್ಲಿ ಕಷ್ಟದ ತಿಂಗಳು. ಬೆಳೆಯಿಲ್ಲದೆ ಜನ ಸೊಪ್ಪು, ಗಡ್ಡೆ, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆಗಳಿಂದ ದಿನ ಕಳೆಯುತ್ತಿದ್ದರು. ಮುಂಬಯಿಯಲ್ಲಿ ಈಗ ಕರಾವಳಿಯ ಸಂಘಗಳು ಆಟಿಯ ತಿನಿಸುಗಳನ್ನು ಉತ್ಸವದಂತೆ ಮಾಡಿ ಬಡಿಸುತ್ತವೆ. ಕೊರತೆಯ ಊಟ ಹಬ್ಬದ ಊಟವಾದ ಈ ಪರಿವರ್ತನೆಯನ್ನು ಅರಿಯಲು ಕಡಲು ಮುಚ್ಚುತ್ತಿದ್ದ ಆ ವರ್ಷಗಳನ್ನು ನೆನಪಿಗೆ ತಂದುಕೊಳ್ಳಬೇಕು.

5

ಊರಿನ ಊಟದ ಕೊರತೆ ಎಲ್ಲ ಹೊರನಾಡ ಕನ್ನಡಿಗರಿಗೂ ಒಂದೇ ಪ್ರಮಾಣದ್ದಲ್ಲ. ಅದನ್ನು ಮೈಲಿಗಳಲ್ಲಿ ಅಳೆಯುವುದಕ್ಕಿಂತ ಧಾನ್ಯಗಳಲ್ಲಿ ಅಳೆಯುವುದು ಹೆಚ್ಚು ಸೂಕ್ತ. ಬೆಳಗಾವಿ, ವಿಜಾಪುರಗಳಿಂದ ಪುಣೆಗೋ ಸೊಲ್ಲಾಪುರಕ್ಕೋ ಹೋದವನಿಗೆ ಜೋಳದ ರೊಟ್ಟಿ 'ಭಾಕರಿ'ಯೆಂಬ ಹೆಸರಿನಲ್ಲಿ ಎದುರಿಗೇ ಇತ್ತು; ಖಾನಾವಳಿ ಎಂಬ ಪದವೂ ಎರಡೂ ಕಡೆಗೆ ಸಮಾನ. ಹೈದರಾಬಾದಿಗೆ ಹೋದವನಿಗೂ ಜೋಳ ಅಪರಿಚಿತವಲ್ಲ. ಮದರಾಸಿಗೆ ಹೋದ ಕರಾವಳಿಯವನಿಗೆ ತಮಿಳರ ಪುಳುಂಗಲ್ ಅಕ್ಕಿ ಸಿಕ್ಕಿತು. ಅದು ಊರಿನ ಕೆಂಬಣ್ಣದ ದಪ್ಪ ಅಕ್ಕಿಯಲ್ಲದಿದ್ದರೂ ಬೇಯಿಸಿದ ಭತ್ತದ ಅಕ್ಕಿಯೇ.

ಹಳೆಯ ಮೈಸೂರಿನ ರಾಗಿಯ ಕಥೆ ಇನ್ನೊಂದು ಬಗೆಯದು. ಮಹಾರಾಷ್ಟ್ರದಲ್ಲಿ ಅದು ನಾಚಣಿ, ದೆಹಲಿಗೆ ಸಮೀಪದ ಗಢವಾಲ ಕುಮಾವುಂ ಬೆಟ್ಟಗಳಲ್ಲಿ ಮಂಡುವಾ. ಧಾನ್ಯ ಒಂದೇ ಆದರೂ ಅಲ್ಲಿ ಅದರಿಂದ ರೊಟ್ಟಿ ಮಾಡುತ್ತಾರೆ, ಅಂಬಲಿ ಮಾಡುತ್ತಾರೆ, ಮುದ್ದೆ ಕಟ್ಟುವುದಿಲ್ಲ. ಹಿಟ್ಟು ಕೈಗೆ ಸಿಕ್ಕಿಯೂ ಮುದ್ದೆ ಸಿಗದಿರುವುದಕ್ಕೆ ಕಾರಣ ಅದನ್ನು ತೊಳಸುವ ಕೈ ಇಲ್ಲದಿರುವುದು. ವಸ್ತುವಿನ ಅಭಾವ ಬೇರೆ, ಅರಿವಿನ ಅಭಾವ ಬೇರೆ ಎಂಬ ಈ ಭೇದ ಮುಂಬಯಿಯ ಪ್ರಸಂಗಕ್ಕೂ ಅನ್ವಯಿಸುತ್ತದೆ.

6

ಮುಂಬಯಿಗೆ ಮೊದಲು ಹೋದವರಲ್ಲಿ ಬಹುಸಂಖ್ಯಾತರು ಒಂಟಿ ಗಂಡಸರು ಮತ್ತು ಹುಡುಗರು. ಅವರು ನೆನೆದ ಊಟವನ್ನು ಮಾಡಬಲ್ಲವರು ಊರಿನಲ್ಲಿದ್ದ ತಾಯಂದಿರು, ಅಜ್ಜಿಯರು. ಹೋಟೆಲಿನ ಅಡುಗೆಭಟ್ಟರಿಗೆ ನೂರು ಜನರ ಹುಳಿ ಕುದಿಸುವುದು ಗೊತ್ತಿತ್ತು. ಆದರೆ ಮನೆಯ ಬಾಣಂತಿಗೆ, ಜ್ವರದಿಂದ ಎದ್ದವನಿಗೆ, ಮಳೆ ಹಿಡಿದ ಸಂಜೆಗೆ ಯಾವ ಚಟ್ನಿ ಅರೆಯಬೇಕೆಂಬುದು ಮನೆಯ ಹೆಂಗಸರ ವಿದ್ಯೆ. ಹೀಗಾಗಿ ಒಂದು ಊರಿನ ಅಡುಗೆಯ ತಿಳಿವಳಿಕೆ ಎರಡು ಪಾಲಾಯಿತು. ಸಾರ್ವಜನಿಕ ಪಾಲು ಗಂಡಸರೊಡನೆ ನಗರಕ್ಕೆ ಹೋಯಿತು, ಖಾಸಗಿ ಪಾಲು ಹೆಂಗಸರೊಡನೆ ಊರಿನಲ್ಲಿ ಉಳಿಯಿತು.

ಕುಟುಂಬಗಳು ಬಂದು ನೆಲೆಸತೊಡಗಿದ ಮೇಲೆ ಈ ಎರಡನೆಯ ಪಾಲು ಮುಂಬಯಿಯ ಚಾಳುಗಳನ್ನು ಪ್ರವೇಶಿಸಿತು. ಅಲ್ಲಿ ಅದಕ್ಕೆ ಎದುರಾದ ಅಡಚಣೆಗಳು ಕಡಿಮೆಯಲ್ಲ. ಒಂದು ಕೋಣೆಯ ಮನೆಯಲ್ಲಿ ಅರೆಯುವ ಕಲ್ಲಿಗೆ ಜಾಗ ಬೇಕು. ಕೆಳಗಿನ ಮಾಳಿಗೆಯವರಿಗೆ ತೊಂದರೆಯಾಗದಂತೆ ರುಬ್ಬಬೇಕು. ಒಣಮೀನು ಸುಟ್ಟರೆ ನೆರೆಯವರ ಅಸಮಾಧಾನವನ್ನು ತಾಳಬೇಕು. ಸೀಮೆಯೆಣ್ಣೆಯ ಸ್ಟೋವಿನ ಮೇಲೆ ಕುಚ್ಚಲಕ್ಕಿ ಬೇಯಿಸುವುದೆಂದರೆ ಎಣ್ಣೆಯ ಲೆಕ್ಕ ಹಾಕಬೇಕು. ಮಾಟುಂಗದ ರೈಲು ನಿಲ್ದಾಣದ ಬಳಿಯ ಮಾರುಕಟ್ಟೆ ಬಾಳೆಯೆಲೆಗೆ, ದಕ್ಷಿಣದ ತರಕಾರಿಗಳಿಗೆ ಹೆಸರಾದದ್ದು ಇಂಥ ಅಡುಗೆಮನೆಗಳ ಅಗತ್ಯದಿಂದಲೇ. ಈ ಅಡುಗೆಮನೆಗಳನ್ನು ನಡೆಸಿದವರ ಹೆಸರುಗಳು ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಸಿಗುವುದು ವಿರಳ. ಹೋಟೆಲಿನ ಮಾಲಿಕನ ಭಾವಚಿತ್ರ ಸಿಗುತ್ತದೆ. ಅವನ ಮನೆಯಲ್ಲಿ ಅವನು ಏನನ್ನು ಉಂಡ, ಅದನ್ನು ಯಾರು ಮಾಡಿದರು ಎಂಬುದು ಸಿಗುವುದಿಲ್ಲ.

7

1970ರ ದಶಕದಿಂದ ಈಚೆಗೆ ಮಾರಿದ ಊಟ ಮತ್ತು ನೆನೆದ ಊಟಗಳ ನಡುವಿನ ಗೋಡೆ ಸ್ವಲ್ಪಮಟ್ಟಿಗೆ ಕುಸಿಯಿತು. ಮುಂಬಯಿಯ ಕೋಟೆ ಪ್ರದೇಶದ 'ಮಹೇಶ್ ಲಂಚ್ ಹೋಮ್'ನಂತಹ ಊಟದ ಮನೆಗಳ ಮೂಲಕ ಮೀನಿನ ಗಸಿ, ನೀರುದೋಸೆಗಳು ಇತರ ಭಾಷಿಕರ ಬಾಯಲ್ಲಿಯೂ ಹೆಸರಾದವು. ಇದೇ ಕಾಲದಲ್ಲಿ ಉಡುಪಿ ಹೋಟೆಲುಗಳು ಪಾವ್‌ಭಾಜಿಯನ್ನೂ ಚೀನೀ ತಿಂಡಿಗಳನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡವು. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಮುಂಬಯಿಯಿಂದ ಉಡುಪಿ, ಮಂಗಳೂರುಗಳು ಒಂದು ರಾತ್ರಿಯ ದೂರಕ್ಕೆ ಬಂದವು. ಈಗ ಕುಚ್ಚಲಕ್ಕಿ ಚೀಲಗಳಲ್ಲಿ ಅಂಗಡಿಗೆ ಬರುತ್ತದೆ. ಮಳೆಗಾಲದಲ್ಲಿಯೂ ಊರಿಗೆ ಹೋಗಿ ಬರಬಹುದು. ವಸ್ತುವಿನ ಅಭಾವ ಬಹುಮಟ್ಟಿಗೆ ನೀಗಿದೆಯೆಂದೇ ಹೇಳಬೇಕು.

ಆದರೆ ಅರಿವಿನ ಅಭಾವ ಈಗ ಹೆಚ್ಚುತ್ತಿದೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮೂರನೆಯ ಪೀಳಿಗೆಗೆ ಈ ಊಟ ತಾನು ಕಳೆದುಕೊಂಡದ್ದಲ್ಲ, ಅಜ್ಜಿ ಕಳೆದುಕೊಂಡದ್ದು. ಕೊರತೆಯೆಂಬ ಭಾವನೆಯೇ ಇಲ್ಲವಾದಾಗ ಪದಗಳೂ ಹೋಗುತ್ತವೆ. ತೆಳಿ, ಬೆಳ್ತಿಗೆ, ಉಪ್ಪುಸೊಳೆ, ಮರಕೆಸು, ಕೊಟ್ಟೆ ಇವು ಅಡುಗೆಮನೆಯಲ್ಲಿ ಬಳಕೆಯಾದರೆ ಮಾತ್ರ ಬದುಕುವ ಪದಗಳು. ಕಿಟ್ಟೆಲ್ಲರ 1894ರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988 ಮತ್ತು 1997ರ ನಡುವೆ ತುಳು ನಿಘಂಟಿನ ಆರು ಸಂಪುಟಗಳು ಹೊರಬಂದವು. ಇವು ಊರಿನ ಪದಸಂಪತ್ತನ್ನು ಕಾಪಾಡಿವೆ. ಆದರೆ ವಲಸೆಯಲ್ಲಿ ಆ ಪದಗಳಿಗೆ ಏನಾಯಿತು, ಯಾವ ಪದ ಯಾವ ಮರಾಠಿ ಅಥವಾ ಹಿಂದಿ ಪದಕ್ಕೆ ಎಡೆ ಬಿಟ್ಟಿತು ಎಂಬುದನ್ನು ಕ್ಷೇತ್ರಕಾರ್ಯದಿಂದ ಮಾತ್ರ ತಿಳಿಯಬಹುದು.

ಈ ಕೆಲಸಕ್ಕೆ ಕಾಲಾವಕಾಶ ಬಹಳ ಇಲ್ಲ. ಹಡಗಿನಲ್ಲಿ ಬಂದವರ ಪೀಳಿಗೆ ಬಹುಮಟ್ಟಿಗೆ ಮುಗಿದಿದೆ. ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದ ತಾಯಂದಿರು ಈಗ ವೃದ್ಧರು. ಹೊರನಾಡಿನ ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದಲೇ ಈ ಕಾರ್ಯವನ್ನು ಆರಂಭಿಸಬಹುದು. ಅಡುಗೆಯ ಕ್ರಮವನ್ನಷ್ಟೇ ಕೇಳಿ ಬರೆದುಕೊಂಡರೆ ಸಾಲದು; ಯಾವುದು ಸಿಗಲಿಲ್ಲ, ಅದರ ಬದಲಿಗೆ ಏನನ್ನು ಹಾಕಿದಿರಿ, ಯಾವುದನ್ನು ಕೊನೆಗೆ ಮಾಡುವುದನ್ನೇ ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಕೇಳಬೇಕು. ಉಡುಪಿ ಹೋಟೆಲಿನ ಚರಿತ್ರೆಯನ್ನು ಬರೆಯಲು ತಿಂಡಿಪಟ್ಟಿ ಇದೆ, ಪರವಾನಗಿ ಇದೆ, ಲೆಕ್ಕದ ಪುಸ್ತಕವಿದೆ. ಗಂಜಿಯ ಚರಿತ್ರೆಗೆ ಇರುವ ಆಧಾರ ಈ ಹಿರಿಯರ ಮಾತೊಂದೇ. ಅವರು ಮಾತಾಡಬಲ್ಲವರಾಗಿರುವಾಗಲೇ ನಾವು ಅವರ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಕೇಳಬೇಕಾಗಿದೆ.